ಹುಳಿ ಎಂದರೆ ಆಮ್ಲ, ಕಹಿ ಎಂದರೆ ಪ್ರತ್ಯಾಮ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಆಮ್ಲ, ಪ್ರತ್ಯಾಮ್ಲ, ಲವಣದ ಪಾಠದಲ್ಲಿ ಆಮ್ಲ ಹುಳಿ, ಪ್ರತ್ಯಾಮ್ಲ (ಆಮ್ಲವನ್ನು ತಟಸ್ಥ ಮಾಡುವ ಸೋಡಾ, ಸುಣ್ಣದಂಥದ್ದು) ಕಹಿ ಅಂತ ಇದೆ. ಆ ಪಾಠ ಬಂದ ವಾರ ಪ್ರಶ್ನೆಗಳ ಸುರಿಮಳೆ. ಅರ್ಧ ಮಕ್ಕಳದ್ದು, ಇನ್ನರ್ಧ ಅವರ ಅಮ್ಮಂದಿರದ್ದು. ಪ್ರತಿ ವರ್ಷ ಅವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು, ಕೆಲವಕ್ಕೆ ಕಡ್ಲಿ ಹೊಲದ ತನಕ ಹೋಗಬೇಕು.

ಹುಳಿ ಇದ್ದದ್ದೆಲ್ಲ ಆಮ್ಲ ಅಂತ ಹೇಳಬಹುದಾ?

ಅಡುಗೆಮನೆಯ ಮಟ್ಟಿಗೆ ಧೈರ್ಯವಾಗಿ ಹೇಳಿ. ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ ಇದೆ. ನಿಂಬೆಯಲ್ಲಿ ಸಿಟ್ರಿಕ್, ಮೊಸರಿನಲ್ಲಿ ಲ್ಯಾಕ್ಟಿಕ್, ವಿನೆಗರ್‌ನಲ್ಲಿ ಅಸಿಟಿಕ್. ಪುಂಡಿ ಪಲ್ಯದ ಹುಳಿ ಒಂದೇ ಆಮ್ಲದ್ದಲ್ಲ, ಎರಡು ಮೂರು ಸೇರಿದ್ದು.

ನೀರಿನಲ್ಲಿ ಆಮ್ಲ ಕರಗಿದಾಗ ಹೈಡ್ರೋಜನ್ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಬಿಡುಗಡೆಯಾಗುತ್ತವೆ. ನಾಲಿಗೆಯ ಮೇಲಿನ ಕೆಲವು ರುಚಿಕೋಶಗಳಲ್ಲಿ ಈ ಅಯಾನು ಒಳಗೆ ನುಗ್ಗಲೆಂದೇ ಒಂದು ಸಣ್ಣ ದಾರಿ ಇದೆ. ಓಟೋಪ್1 ಎಂಬ ಪ್ರೋಟೀನಿನಿಂದ ಆದ ದಾರಿ. ಹುಳಿಗೆ ಇದೇ ಬಾಗಿಲು ಅಂತ ಇಲಿಗಳ ಮೇಲಿನ ಪ್ರಯೋಗಗಳಿಂದ ಗಟ್ಟಿಯಾಗಿ ಗೊತ್ತಾಗಿದ್ದು 2019ರಲ್ಲಿ. ನೋಡಿ, ಹುಣಸೆಹಣ್ಣು ಚೀಪುವುದು ಎಷ್ಟು ಹಳೆಯದು, ಅದರ ಬಾಗಿಲು ಸಿಕ್ಕಿದ್ದು ಮೊನ್ನೆ ಮೊನ್ನೆ.

ಅಂದರೆ ಹುಳಿಯ ವಿಷಯದಲ್ಲಿ ನಾಲಿಗೆ ನಿಜವಾಗಿಯೂ ಆಮ್ಲವನ್ನೇ ಗುರುತಿಸುತ್ತದೆ.

ಹಾಗಾದರೆ ಕಹಿ ಇದ್ದದ್ದೆಲ್ಲ ಪ್ರತ್ಯಾಮ್ಲ?

ಅಲ್ಲ. ಈ ಇಡೀ ಪುಟ ಬರೆದದ್ದೇ ಈ ಒಂದು ಪ್ರಶ್ನೆಗಾಗಿ.

ಒಂದು ಸಲ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ, "ಅಕ್ಕೋರ, ಹಾಗಲಕಾಯಿ ಪ್ರತ್ಯಾಮ್ಲ ಏನ್ರಿ?" ಉತ್ತರ ಬಾಯಲ್ಲಿ ಹೇಳಲಿಲ್ಲ. ಮರುದಿನ ಹಾಗಲಕಾಯಿ ತುರಿದು, ಹಿಂಡಿ, ರಸ ತಂದೆ. ಪ್ರತ್ಯಾಮ್ಲ ತಗುಲಿದರೆ ಅರಿಶಿನ ಕೆಂಪಾಗುತ್ತದೆ. ಅರಿಶಿನ ಬಳಿದು ಒಣಗಿಸಿದ ಕಾಗದದ ಮೇಲೆ ಮೂರು ಹನಿ ಹಾಕಿದೆವು: ಒಂದು ಅಡುಗೆ ಸೋಡಾ ಕರಗಿಸಿದ ನೀರು, ಒಂದು ನಿಂಬೆರಸ, ಒಂದು ಹಾಗಲರಸ. ಸೋಡಾ ಬಿದ್ದಲ್ಲಿ ಕಾಗದ ಇಟ್ಟಂಗಿ ಬಣ್ಣಕ್ಕೆ ತಿರುಗಿತು. ನಿಂಬೆ ಬಿದ್ದಲ್ಲಿ ಹಳದಿ ಹಾಗೇ ಉಳಿಯಿತು. ಹಾಗಲರಸ ಬಿದ್ದಲ್ಲೂ ಹಳದಿಯೇ. ಹುಡುಗ ಬೆರಳು ಅದ್ದಿ ನೆಕ್ಕಿ ಮುಖ ಕಿವಿಚಿದ, "ಕಹಿ ಮಾತ್ರ ಭಾಳ ಐತ್ರಿ" ಅಂದ.

ಹಾಗಲಕಾಯಿ ರಸ ಪ್ರತ್ಯಾಮ್ಲ ಅಲ್ಲವೇ ಅಲ್ಲ, ಸ್ವಲ್ಪ ಆಮ್ಲೀಯವೇ. ಅದರ ಕಹಿ ಬರುವುದು ಟ್ರೈಟರ್ಪಿನಾಯ್ಡ್ ಎಂಬ ಜಾತಿಯ ದೊಡ್ಡ ಅಣುಗಳಿಂದ. ಬೇವಿನ ಕಹಿಗೆ ಲಿಮೊನಾಯ್ಡ್‌ಗಳು ಕಾರಣ. ಇವಕ್ಕೂ ಪ್ರತ್ಯಾಮ್ಲಕ್ಕೂ ಸಂಬಂಧ ಇಲ್ಲ. ಕಪ್ಪು ಕಾಫಿ ಕಹಿ ಅಲ್ವಾ? ಅದರ ಪಿಎಚ್ (ಆಮ್ಲದ ಅಳತೆ, 7ಕ್ಕಿಂತ ಕೆಳಗಿದ್ದರೆ ಆಮ್ಲ) 5ರ ಆಸುಪಾಸು, ಅಂದರೆ ಆಮ್ಲದ ಕಡೆಗೇ.

ಕಹಿಯನ್ನು ಹಿಡಿಯಲು ನಾಲಿಗೆಯಲ್ಲಿ ಬೇರೆಯೇ ವ್ಯವಸ್ಥೆ ಇದೆ. ಮನುಷ್ಯರಲ್ಲಿ ಸುಮಾರು 25 ಬಗೆಯ ಕಹಿ ಗ್ರಾಹಕಗಳಿವೆ, ಅಂದರೆ ಕಹಿ ಅಣುವನ್ನು ಗುರುತಿಸುವ ಪ್ರೋಟೀನುಗಳು. ಒಂದೊಂದೂ ಬೇರೆ ಬೇರೆ ಆಕಾರದ ಅಣುಗಳನ್ನು ಹಿಡಿಯುತ್ತದೆ. ಹುಳಿಗೆ ಒಂದು ಬಾಗಿಲು, ಕಹಿಗೆ ಇಪ್ಪತ್ತೈದು ಬೀಗ. ಯಾಕೆ ಇಷ್ಟೊಂದು? ಗಿಡಗಳು ತಮ್ಮ ರಕ್ಷಣೆಗೆ ಮಾಡಿಕೊಳ್ಳುವ ವಿಷಗಳಲ್ಲಿ ಹಲವು ಕಹಿಯಾಗಿರುತ್ತವೆ. ಅವು ನೂರಾರು ಥರ. ಒಂದೇ ಬೀಗದಿಂದ ಎಲ್ಲವನ್ನೂ ಹಿಡಿಯಲಾಗದು.

ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿಂದ? ಪೂರ್ತಿ ಸುಳ್ಳಲ್ಲ ಅದು. ಕ್ವಿನೈನ್, ಕೆಫೀನ್, ನಿಕೋಟಿನ್‌ನಂಥ ಸಸ್ಯವಸ್ತುಗಳಿಗೆ ಆಲ್ಕಲಾಯ್ಡ್ ಎನ್ನುತ್ತಾರೆ. ಹಾಗೆಂದರೆ ಕ್ಷಾರದಂಥದ್ದು ಅಂತ (ಕ್ಷಾರ ಎಂದರೆ ನೀರಿನಲ್ಲಿ ಕರಗುವ ಪ್ರತ್ಯಾಮ್ಲ). 1819ರಲ್ಲಿ ಬಂದ ಹೆಸರು. ಇವುಗಳಲ್ಲಿ ಹೆಚ್ಚಿನವು ದುರ್ಬಲ ಪ್ರತ್ಯಾಮ್ಲಗಳು ಹೌದು, ಕಹಿಯೂ ಹೌದು. ಆದರೆ ಮಲೇರಿಯಾ ಮಾತ್ರೆಯ ಕ್ವಿನೈನನ್ನು ಆಮ್ಲದ ಜೊತೆ ಸೇರಿಸಿ ಲವಣ ಮಾಡಿರುತ್ತಾರೆ, ಆಗಲೂ ಅದು ಅಷ್ಟೇ ಕಹಿ. ಕಹಿ ಇರುವುದು ಅಣುವಿನ ಆಕಾರದಲ್ಲಿ, ಪ್ರತ್ಯಾಮ್ಲ ಗುಣದಲ್ಲಲ್ಲ.

ಪರೀಕ್ಷೆಯಲ್ಲಿ ಏನು ಬರೀಬೇಕ್ರಿ ಮತ್ತ?

ಪುಸ್ತಕದಲ್ಲಿದ್ದದ್ದನ್ನೇ ಬರೆಯಿರಿ. ಮಾರ್ಕ್ಸ್ ಕೊಡುವವರು ಹಾಗಲಕಾಯಿ ಹಿಂಡಿಲ್ಲ. ಮನೆಗೆ ಬಂದು ಸರಿಯಾದದ್ದನ್ನು ನೆನಪಿಟ್ಟುಕೊಳ್ಳಿ.

ಪ್ರತ್ಯಾಮ್ಲದ ರುಚಿ ನಿಜವಾಗಿ ಹೇಗಿರುತ್ತದೆ?

ನನ್ನ ಕೈಯಾರೆ ಆದ ಎಡವಟ್ಟು ಹೇಳುತ್ತೇನೆ. ಮಳೆ ಹಿಡಿದಿತ್ತು, ಮನೆಗೆ ಬೀಗರು ಬಂದಿದ್ದರು, ಮಿರ್ಚಿ ಕರಿಯೋಣ ಅಂತ ಹಿಟ್ಟು ಕಲಸಿದೆ. ಚಿಟಿಕೆ ಸೋಡಾ ಹಾಕಿದ್ದೆ. ಮಾತಿನ ಭರದಲ್ಲಿ ಅದನ್ನು ಮರೆತು ಇನ್ನೊಂದು ಅರ್ಧ ಚಮಚ ಹಾಕಿಬಿಟ್ಟೆ. ಮಿರ್ಚಿ ನೋಡಲು ಬಲು ಚಂದ, ಉಬ್ಬಿ ಉಬ್ಬಿ ಬಂದವು. ಬಣ್ಣ ಮಾತ್ರ ಯಾಕೋ ಜಾಸ್ತಿ ಕೆಂಪು. ಬೀಗರು ಒಂದು ಕಡಿದು ಸುಮ್ಮನಾದರು. ಎರಡನೆಯದಕ್ಕೆ ಯಾರೂ ಕೈ ಹಾಕಲಿಲ್ಲ. ನಾನು ಕಡಿದೆ. ಮೊದಲು ಒಂಚೂರು ಉಪ್ಪುಪ್ಪು, ಆಮೇಲೆ ಸಾಬೂನು ನೆಕ್ಕಿದ ಹಾಗೆ, ಕೊನೆಗೆ ಗಂಟಲ ಹತ್ತಿರ ಸಣ್ಣ ಕಹಿ. ನಾಲಿಗೆಯ ಮೇಲೆ ಏನೋ ಜಾರುವ ಭಾವ.

ಇದೇ ಪ್ರತ್ಯಾಮ್ಲದ ರುಚಿ. ಹಾಗಲಕಾಯಿಯ ಕಹಿಗೂ ಇದಕ್ಕೂ ಹೋಲಿಕೆ ಇಲ್ಲ. ಆ ಜಾರುವ ಭಾವಕ್ಕೂ ಕಾರಣ ಇದೆ. ಬಲವಾದ ಕ್ಷಾರ ಚರ್ಮದ ಜಿಡ್ಡನ್ನು ಒಡೆದು ಅಲ್ಲೇ ಸಾಬೂನು ಮಾಡಿಬಿಡುತ್ತದೆ. ನಮ್ಮಜ್ಜಿ ಎಣ್ಣೆ ಪಾತ್ರೆಗೆ ಒಲೆಯ ಬೂದಿ ಹಚ್ಚುತ್ತಿದ್ದದ್ದೂ ಇದಕ್ಕೇ. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ, ಅದು ಕ್ಷಾರ. ತಾಮ್ರದ ಹಂಡೆಗೆ ಮಾತ್ರ ಬೂದಿ ಅಲ್ಲ, ಹುಣಸೆಹಣ್ಣು ಮತ್ತು ಉಪ್ಪು. ಕರ್ರಗಾದ ಪದರವನ್ನು ಕರಗಿಸಲು ಆಮ್ಲವೇ ಬೇಕು. ಜಿಡ್ಡಿಗೆ ಬೂದಿ, ಕಲೆಗೆ ಹುಣಸೆ. ಅಜ್ಜಿಗೆ ಪಿಎಚ್ ಗೊತ್ತಿರಲಿಲ್ಲ, ಪಾತ್ರೆ ಗೊತ್ತಿತ್ತು.

ಕ್ಷಾರ ಅಂದರೆ ಖಾರವಾ? ಬ್ಯಾಡಗಿ ಮೆಣಸಿನಕಾಯಿ ಪ್ರತ್ಯಾಮ್ಲವಾ?

ನಗಬೇಡಿ, ಪ್ರತಿ ವರ್ಷ ಯಾರಾದರೂ ಒಬ್ಬರು ಉತ್ತರ ಪತ್ರಿಕೆಯಲ್ಲಿ "ಖಾರಗಳು ಕಹಿಯಾಗಿರುತ್ತವೆ" ಅಂತ ಬರೆದೇ ಬರೆಯುತ್ತಾರೆ. ತಪ್ಪು ಮಕ್ಕಳದ್ದಲ್ಲ. ಖಾರ ಎಂಬ ಮಾತು ಹುಟ್ಟಿದ್ದೇ ಕ್ಷಾರದಿಂದ. ನಾಲಿಗೆ ಚುರ್ ಎನ್ನುವುದೆಲ್ಲ ಒಂದೇ ಹೆಸರಿನಡಿ ಸೇರಿಕೊಂಡಿತು. ಹಳೆಯ ಅರ್ಥ ಒಂದು ಕಡೆ ಇನ್ನೂ ಜೀವಂತ ಇದೆ. ಹಪ್ಪಳದ ಹಿಟ್ಟಿಗೆ ಹಾಕುವ ಪಾಪಡಖಾರ ನೆನಪಿದೆಯಾ? ಅದು ಮೆಣಸಿನ ಪುಡಿ ಅಲ್ಲ, ಸೋಡಾ ಜಾತಿಯ ಕ್ಷಾರ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಪ್ಪಳ ಒಣಹಾಕುವ ಮನೆಯ ಮಕ್ಕಳಿಗೆ ಇದು ಒಂದೇ ಮಾತಿಗೆ ತಿಳಿಯುತ್ತದೆ.

ಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್‌ನದು. ಅದು ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ ಅಂದುಕೊಂಡರೆ ಸಾಕು. ಹಾಗೆ ನೋಡಿದರೆ ಖಾರ ರುಚಿಯೇ ಅಲ್ಲ. ಬಿಸಿ ತಗುಲಿದಾಗ ಎಚ್ಚರಿಸುವ ನರಗಳನ್ನೇ ಅದು ಕೆಣಕುತ್ತದೆ. ಈ ಬಿಸಿಯ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಬ್ಯಾಡಗಿಯಲ್ಲಿ ಕ್ಯಾಪ್ಸೈಸಿನ್ ಕಡಿಮೆ, ಬಣ್ಣ ಜಾಸ್ತಿ. ಹಾವೇರಿ ಕಡೆಯವರಿಗೆ ಇದನ್ನು ನಾನು ಹೇಳಬೇಕಿಲ್ಲ.

ಕಡ್ಲಿ ಹೊಲದಲ್ಲಿ ಓಡಾಡಿದರೆ ಕಾಲು ಯಾಕೆ ಉರಿಯುತ್ತದೆ?

ನನಗೆ ಬಲು ಇಷ್ಟವಾದ ಪ್ರಶ್ನೆ. ಕೇಳಿದ್ದು ಗದಗ ಕಡೆಯ ಹುಡುಗಿ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದವರೆಲ್ಲ ಕಡ್ಲಿ ಗಿಡದ ಕುಡಿ ಚಿವುಟಿ ಬಾಯಿಗೆ ಹಾಕಿಕೊಂಡಿರುತ್ತೀರಿ. ಹುಳಿ ಅಲ್ವಾ? ಆ ಹುಳಿ ಎಲೆಯ ಒಳಗಿನದಲ್ಲ, ಮೇಲಿನದು. ಬೆಳಿಗ್ಗೆ ಬಿಸಿಲೇರುವ ಮೊದಲು ಒಂದು ಗಿಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ. ಎಲೆ, ಕಾಂಡ, ಕಾಯಿ, ಎಲ್ಲದರ ಮೇಲೂ ಸಣ್ಣ ಸಣ್ಣ ರೋಮ. ಒಂದೊಂದರ ತುದಿಗೂ ಒಂದು ಹನಿ, ಗುಂಡುಸೂಜಿಯ ತಲೆಗಿಂತ ಚಿಕ್ಕದು. ಬೆಳಕು ಬಿದ್ದರೆ ಗಿಡವೆಲ್ಲ ಮಿಣಿಮಿಣಿ. ಆ ಹನಿಯಲ್ಲಿರುವುದು ಮುಖ್ಯವಾಗಿ ಮ್ಯಾಲಿಕ್ ಆಮ್ಲ ಮತ್ತು ಆಕ್ಸಾಲಿಕ್ ಆಮ್ಲ. ಬರಿಗಾಲಲ್ಲಿ ಅಡ್ಡಾಡಿದರೆ ಇದೇ ಕಾಲಿಗೆ ಹತ್ತಿ, ಗೀರಿದ ಚರ್ಮಕ್ಕೆ ಉರಿ ಏಳುತ್ತದೆ.

ಹಳಬರು ಇದನ್ನು ಬಿಡಲಿಲ್ಲ. ಬಿಳಿ ಬಟ್ಟೆಯನ್ನು ರಾತ್ರಿ ಗಿಡಗಳ ಮೇಲೆ ಹಾಸುತ್ತಿದ್ದರು. ಮುಂಜಾನೆ ಹುಳಿ ಬೆರೆತ ಇಬ್ಬನಿ ಕುಡಿದು ಬಟ್ಟೆ ತೊಯ್ದಿರುತ್ತಿತ್ತು. ಅದನ್ನು ಹಿಂಡಿದರೆ ಕಡ್ಲಿ ಹುಳಿ. ಸೀಸೆಯಲ್ಲಿಟ್ಟು ಅಜೀರ್ಣಕ್ಕೆ ಮನೆಮದ್ದಾಗಿ ಬಳಸುತ್ತಿದ್ದರು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಾತ್ರ ಇಂಥದ್ದನ್ನು ಇಡುವ ಹಾಗಿಲ್ಲ, ಕಿಲುಬು ಏಳುತ್ತದೆ. ಹುಳಿ ಸಾರಿಗೂ ಇದೇ ಮಾತು. ಕಲಾಯಿ ಎಂದರೆ ತವರದ ಪದರ. ಆಮ್ಲಕ್ಕೂ ತಾಮ್ರಕ್ಕೂ ನಡುವೆ ಕಟ್ಟಿದ ಗೋಡೆ.

ಗಿಡಕ್ಕೆ ಇದರಿಂದ ಏನು ಲಾಭ? ಎಲೆ ತಿನ್ನುವ ಹುಳಗಳಿಗೆ ಹುಳಿ ಹಿಡಿಸುವುದಿಲ್ಲ, ಆ ಹುಳಗಳ ಬೆಳವಣಿಗೆಯೂ ಕುಂಠಿತವಾಗುತ್ತದೆ. ಆದರೂ ಕಾಯಿಕೊರಕ ಬಿಡುವುದಿಲ್ಲ, ಅದು ರೈತರಿಗೆ ಗೊತ್ತಿರುವ ಸಂಕಟ. ಇನ್ನೊಂದು ಮಜಾ ನೋಡಿ. ಗದಗ ಸೀಮೆಯ ಎರೆಮಣ್ಣಿನ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು, ಅಗೆದರೆ ಸುಣ್ಣದ ಹರಳು ಸಿಗುತ್ತದೆ. ಬೇರು ಕ್ಷಾರೀಯ ಮಣ್ಣಿನಲ್ಲಿ, ಎಲೆಯ ಮೇಲೆ ಆಮ್ಲ. ಒಂದೇ ಮೊಳ ಎತ್ತರದ ಗಿಡದಲ್ಲಿ ಇಡೀ ಪಾಠ ಇದೆ.

ಬೆಲ್ಲ ಹಾಕಿದರೆ ಹುಳಿ ಸಾಯುತ್ತದಾ?

ಸಾಯುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಗಿರ್ಮಿಟ್‌ಗೆ ಹುಣಸೆರಸ ಜಾಸ್ತಿ ಬಿತ್ತು ಅಂತ ಬೆಲ್ಲ ಹಾಕುತ್ತೀರಿ, ರುಚಿ ಸಮ ಆಗುತ್ತದೆ. ಆದರೆ ಒಂದು ಕಣ ಟಾರ್ಟಾರಿಕ್ ಆಮ್ಲವೂ ಕಡಿಮೆ ಆಗಿಲ್ಲ. ಸಿಹಿಯ ಸುದ್ದಿ ಹುಳಿಯ ಸುದ್ದಿಯನ್ನು ತಗ್ಗಿಸುತ್ತದೆ, ಅಷ್ಟೇ. ಆಮ್ಲವನ್ನೇ ತೆಗೆಯಬೇಕೆಂದರೆ ಸೋಡಾ ಹಾಕಬೇಕು. ಆಗ ಬುಸ್ಸೆಂದು ನೊರೆ ಏಳುತ್ತದೆ, ಅದು ಕಾರ್ಬನ್ ಡೈಆಕ್ಸೈಡ್. ಗಿರ್ಮಿಟ್‌ಗೆ ಹಾಕಲು ಹೋಗಬೇಡಿ, ನನ್ನ ಮಿರ್ಚಿಯ ಗತಿಯೇ ಆಗುತ್ತದೆ.

ಬಾಟಲಿ ಕೋಲಾಗಳ ಗುಟ್ಟೂ ಇದೇ. ಅವುಗಳ ಪಿಎಚ್ 2.5ರ ಹತ್ತಿರ, ನಿಂಬೆರಸಕ್ಕಿಂತ ತುಸು ಮೇಲೆ. ಸಕ್ಕರೆಯ ಅಬ್ಬರದಲ್ಲಿ ನಾಲಿಗೆಗೆ ಗೊತ್ತಾಗುವುದಿಲ್ಲ, ಹಲ್ಲಿಗೆ ಗೊತ್ತಾಗುತ್ತದೆ. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗಲು ಶುರು. ಹುಳಿ ತಿಂದ ತಕ್ಷಣ ಹಲ್ಲು ಉಜ್ಜಬೇಡಿ. ಬರೀ ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆ ಬಿಡಿ.

ಹಾಗಲಕಾಯಿಗೆ ಹುಣಸೆಹಣ್ಣು ಹಾಕುವುದು ಕಹಿಯನ್ನು ತಟಸ್ಥ ಮಾಡಲಿಕ್ಕಾ?

ಇಲ್ಲ. ಪ್ರತ್ಯಾಮ್ಲವೇ ಇಲ್ಲದ ಮೇಲೆ ತಟಸ್ಥ ಮಾಡುವುದು ಏನನ್ನು? ಹುಳಿ ಬೆಲ್ಲ ಎರಡೂ ನಾಲಿಗೆಯ ಗಮನ ಬೇರೆ ಕಡೆ ಸೆಳೆಯುತ್ತವೆ. ಉಪ್ಪು ಮಾತ್ರ ಎರಡು ಕೆಲಸ ಮಾಡುತ್ತದೆ. ಹೋಳುಗಳಿಗೆ ಹಚ್ಚಿಟ್ಟರೆ ಕಹಿ ನೀರನ್ನು ಹೊರಗೆಳೆಯುತ್ತದೆ, ನಾಲಿಗೆಯ ಮೇಲೆ ಕಹಿಯನ್ನೂ ತಗ್ಗಿಸುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಹಾಗಲಕಾಯಿ ಕಹಿ ಇರಬೇಕಾದದ್ದೇ. ಆದರೆ ಸೋರೆಕಾಯಿ ಅಥವಾ ಸೌತೆಕಾಯಿ ವಿಪರೀತ ಕಹಿ ಇದ್ದರೆ ಉಗುಳಿ, ಎಸೆದುಬಿಡಿ. ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಇರುತ್ತದೆ. ಕಹಿ ಸೋರೆಕಾಯಿ ಜ್ಯೂಸ್ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಬೆಲ್ಲ ಹಾಕಿ ಸರಿ ಮಾಡುತ್ತೇನೆ ಅನ್ನಬೇಡಿ.

ಪಿಎಚ್ ಎಂದರೆ ಹುಳಿಯ ಅಳತೆಯಾ?

ಹೈಡ್ರೋಜನ್ ಅಯಾನಿನ ಅಳತೆ. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಬಳಕೆಗೆ ತಂದದ್ದು. ಅವರು ಕೆಲಸ ಮಾಡುತ್ತಿದ್ದದ್ದು ಒಂದು ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. 7 ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಒಂದು ಅಂಕಿ ಇಳಿದರೆ ಅಯಾನು ಹತ್ತು ಪಟ್ಟು. ನಿಂಬೆರಸ 2ರಿಂದ 2.5, ಮೊಸರು ಸುಮಾರು 4.5, ಹಾಲು 6.6ರ ಹತ್ತಿರ, ಅಡುಗೆ ಸೋಡಾ ನೀರು 8.3ರಷ್ಟು, ಸುಣ್ಣದ ತಿಳಿ 12ರ ಮೇಲೆ.

ಲೆಕ್ಕದ ಪ್ರಕಾರ ನಿಂಬೆಯಲ್ಲಿ ಮೊಸರಿಗಿಂತ ನೂರು ಪಟ್ಟಿಗೂ ಹೆಚ್ಚು ಅಯಾನು. ಮೊಸರಿಗಿಂತ ನೂರು ಪಟ್ಟು ಹುಳಿ ಅನಿಸುತ್ತದಾ? ಇಲ್ಲ. ಒಂದೇ ಪಿಎಚ್ ಇಟ್ಟು ನೋಡಿದರೆ ಹೈಡ್ರೋಕ್ಲೋರಿಕ್ ಆಮ್ಲಕ್ಕಿಂತ ವಿನೆಗರ್ ಹೆಚ್ಚು ಹುಳಿ. ದುರ್ಬಲ ಆಮ್ಲದ ಬಳಿ ಇನ್ನೂ ಬಿಡಿಸದ ಅಯಾನುಗಳ ದಾಸ್ತಾನು ಇರುತ್ತದೆ. ಅದು ಹಾಗೇ ಕೋಶದ ಒಳಗೆ ತೂರಿಕೊಂಡು ಅಲ್ಲಿ ಬಿಚ್ಚಿಕೊಳ್ಳುತ್ತದೆ. ಪಿಎಚ್ ಪಟ್ಟಿ ಮತ್ತು ನಾಲಿಗೆ ನೆರೆಹೊರೆಯವರು, ಒಂದೇ ಮನೆಯವರಲ್ಲ.

ಅರಿಶಿನದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುವುದು ಯಾಕೆ?

ಸಾಬೂನು ಪ್ರತ್ಯಾಮ್ಲ, ಅರಿಶಿನ ಸೂಚಕ, ಅಂದರೆ ಆಮ್ಲ ಪ್ರತ್ಯಾಮ್ಲವನ್ನು ಬಣ್ಣದಿಂದ ತೋರಿಸುವಂಥದ್ದು. ಆರತಿ ತಟ್ಟೆಯ ಕೆಂಪು ನೀರು ಕೂಡ ಇದೇ, ಅರಿಶಿನಕ್ಕೆ ಚಿಟಿಕೆ ಸುಣ್ಣ. ಅದಕ್ಕೆ ನಿಂಬೆ ಹಿಂಡಿ ನೋಡಿ, ಮತ್ತೆ ಹಳದಿ. ಬಟ್ಟೆಯನ್ನು ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣಕ್ಕೆ ಬಿಸಿಲು ತಡೆಯದು. ದಾಸವಾಳದ ಹೂವಿನ ನೀರು ಇನ್ನೂ ಒಳ್ಳೆಯ ಸೂಚಕ, ಆಮ್ಲಕ್ಕೆ ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು.

ಎಲೆ ಅಡಿಕೆಗೆ ಸುಣ್ಣ ಯಾಕೆ ಬೇಕು?

ಸವಣೂರು ಎಲೆ ಎಷ್ಟೇ ಎಳೆಯದಿರಲಿ, ಸುಣ್ಣ ಇಲ್ಲದೆ ಬಾಯಿ ಕೆಂಪಾಗದು. ಅಡಿಕೆಯ ಒಗರಿನ ಪದಾರ್ಥಗಳು ಕ್ಷಾರದಲ್ಲಿ ಕೆಂಪಾಗುತ್ತವೆ. ಇನ್ನೊಂದು ಕೆಲಸವೂ ಇದೆ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಆಲ್ಕಲಾಯ್ಡ್ ಇದೆ. ಸುಣ್ಣ ಅದನ್ನು ಬಿಡಿಸಿ ಬಾಯಿಯ ಚರ್ಮ ಹೀರುವ ಹಾಗೆ ಮಾಡುತ್ತದೆ. ಊಟದ ಮೇಲಿನ ಆ ಸಣ್ಣ ಅಮಲು ಅದರದೇ. ಸುಣ್ಣ ಜಾಸ್ತಿಯಾದರೆ ಬಾಯಿ ಸುಡುವುದು ಎಲ್ಲರಿಗೂ ಗೊತ್ತು. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ, ತಂಬಾಕು ಇಲ್ಲದಿದ್ದರೂ ಕೂಡ. ಹೇಳುವುದು ನನ್ನ ಕೆಲಸ.

ಸವಣೂರಿನ ದೊಡ್ಡ ಹುಣಸೆ ಮರದ ಹುಳಿಯೂ ಹುಣಸೆಯದೇನಾ?

ಅದು ಹುಣಸೆ ಮರವೇ ಅಲ್ಲ. ಆಫ್ರಿಕಾ ಮೂಲದ ಬಾವೊಬಾಬ್. ಕಾಯಿಯ ತಿರುಳು ಹುಳಿ ಇರುವುದರಿಂದ ನಮ್ಮವರು ದೊಡ್ಡ ಹುಣಸೆ ಅಂದರು. ಅದರಲ್ಲಿ ಸಿಟ್ರಿಕ್ ಆಮ್ಲವೂ ಇದೆ, ಸಿ ವಿಟಮಿನ್ ಕೂಡ. ಅದೂ ಒಂದು ಆಮ್ಲವೇ, ಆಸ್ಕಾರ್ಬಿಕ್.

ಬೋರಿನ ಸವಳು ನೀರು ಪ್ರತ್ಯಾಮ್ಲವಾ?

ಎಷ್ಟೋ ಸಲ ತುಸು ಆ ಕಡೆಗೇ ಇರುತ್ತದೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಇರುತ್ತವೆ. ಕಾಯಿಸಿದರೆ ಕೊಡದ ತಳಕ್ಕೆ ಬಿಳಿ ಪದರ ಕಟ್ಟುತ್ತದೆ, ಅದು ಸುಣ್ಣದಕಲ್ಲಿನದೇ ಪದಾರ್ಥ. ವಿನೆಗರ್ ಅಥವಾ ನಿಂಬೆರಸ ಹಾಕಿ ಬಿಡಿ, ಗುಳ್ಳೆ ಎದ್ದು ಕರಗುತ್ತದೆ. ಆ ನೀರಲ್ಲಿ ಬೇಳೆ ಬೇಯದು ಅಂತ ಸೋಡಾ ಹಾಕುವವರಿದ್ದಾರೆ. ಬೇಳೆ ಬೇಯುತ್ತದೆ, ಬಿ1 ವಿಟಮಿನ್ ಹಾಳಾಗುತ್ತದೆ.

ಆಲ್ಕಲೈನ್ ವಾಟರ್ ಮಶಿನ್ ತಗೊಳ್ಳಲಾ? ರಕ್ತದ ಆಮ್ಲ ಕಡಿಮೆ ಆಗುತ್ತಂತೆ.

ದುಡ್ಡು ಉಳಿಸಿ. ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರುತ್ತದೆ, ಅದನ್ನು ಶ್ವಾಸಕೋಶ ಮತ್ತು ಮೂತ್ರಪಿಂಡ ಕಾಯುತ್ತವೆ. ನೀವು ಕುಡಿದ ನೀರು ಮೊದಲು ಹೋಗುವುದು ಹೊಟ್ಟೆಗೆ. ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಕಾಯುತ್ತಾ ಕೂತಿದೆ. ನಿಂಬೆ ನೀರು ಕುಡಿದರೆ ಮೈ ಕ್ಷಾರೀಯ ಆಗುತ್ತದೆ ಎಂಬುದೂ ಇದೇ ಜಾತಿಯ ಮಾತು.

ನಾಲಿಗೆಯ ತುದಿಗೆ ಸಿಹಿ, ಹಿಂದೆ ಕಹಿ, ಬದಿಗೆ ಹುಳಿ, ನಿಜವಾ?

ಸುಳ್ಳು. ಎಲ್ಲ ರುಚಿಯೂ ಎಲ್ಲ ಕಡೆ ಗೊತ್ತಾಗುತ್ತದೆ. 1901ರ ಒಂದು ಜರ್ಮನ್ ಪ್ರಬಂಧದ ಸಣ್ಣ ವ್ಯತ್ಯಾಸಗಳನ್ನು ಆಮೇಲಿನವರು ಹಿಗ್ಗಿಸಿ ನಕ್ಷೆ ಮಾಡಿದರು. ನಾಲಿಗೆಯ ತುದಿಗೆ ಮೆಂತ್ಯ ಇಟ್ಟುಕೊಂಡು ನೋಡಿ.

ಲ್ಯಾಬಿನಲ್ಲಿ ರುಚಿ ನೋಡಿ ಗುರುತಿಸಬಹುದಾ?

ಬೇಡ. ನಾಲಿಗೆಗೆ ಹಚ್ಚಬೇಡಿ, ಚೂರೇ ಚೂರೂ ಬೇಡ. ಸ್ವೀಡನ್ನಿನ ಕಾರ್ಲ್ ಶೀಲೆ ಎಂಬ ರಸಾಯನ ವಿಜ್ಞಾನಿ ಟಾರ್ಟಾರಿಕ್, ಲ್ಯಾಕ್ಟಿಕ್, ಸಿಟ್ರಿಕ್, ಮ್ಯಾಲಿಕ್ ಆಮ್ಲಗಳನ್ನು ಮೊದಲು ಬೇರ್ಪಡಿಸಿದವರು. ನಮ್ಮ ಅಡುಗೆಮನೆಯ ಹುಳಿಯೆಲ್ಲ ಅವರ ಕೈಯಲ್ಲಿ ಹಾದುಬಂದಿದೆ ಅನ್ನಿ. ಆದರೆ ಮಾಡಿದ್ದನ್ನೆಲ್ಲ ರುಚಿ ನೋಡುವ ಚಟ ಅವರಿಗೆ. ಸೈನೈಡ್ ಆಮ್ಲದ ರುಚಿಯನ್ನೂ ಬರೆದಿಟ್ಟಿದ್ದಾರೆ. 1786ರಲ್ಲಿ ತೀರಿಕೊಂಡಾಗ ವಯಸ್ಸು 43.

ಮನೆಯಲ್ಲಿ ಬಚ್ಚಲು ತೊಳೆಯುವ ಆಸಿಡ್ ಬಗ್ಗೆ ಎಲ್ಲರೂ ಹುಷಾರಾಗಿರುತ್ತೀರಿ. ಸುಣ್ಣದ ಪ್ಯಾಕೆಟ್ ಮಾತ್ರ ಮಕ್ಕಳ ಕೈಗೆ ಸಿಗುವ ಹಾಗೆ ಕಿಟಕಿಯಲ್ಲಿ ಬಿದ್ದಿರುತ್ತದೆ. ಹಿಚುಕಿದರೆ ಪಿಚಕ್ಕನೆ ಕಣ್ಣಿಗೆ ಹಾರುತ್ತದೆ. ಕಣ್ಣಿನಲ್ಲಿ ಕ್ಷಾರ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಹಾಗಾದರೆ ಉಜ್ಜಬೇಡಿ, ನಿಂಬೆ ಗಿಂಬೆ ಹಾಕಿ ತಟಸ್ಥ ಮಾಡಲು ಹೋಗಬೇಡಿ. ಕಣ್ಣು ತೆರೆದು ಹಿಡಿದು ಇಪ್ಪತ್ತು ಮೂವತ್ತು ನಿಮಿಷ ಬರೀ ನೀರು ಹರಿಸಿ, ಅಲ್ಲಿಂದ ನೇರ ಕಣ್ಣಿನ ಡಾಕ್ಟರ ಹತ್ತಿರ.